ಮಳೆ ನಿಂತ ಮೇಲೂ ಬಾರದ ಸಿಗ್ನಲ್

ಹರಿಹರದಲ್ಲಿ ಹೊಳೆಗೆ ಹತ್ತಿರದ ಓಣಿಯ ಒಂದು ಮನೆ, ಅದರ ಮಾಳಿಗೆ. ಆಷಾಢದ ಬೆಳಗು. ರಾತ್ರಿಯೆಲ್ಲ ಹನಿದ ಸೋನೆ ನಿಂತಿದೆ, ಮೋಡ ಚದುರಿಲ್ಲ. ಮಾತಾಡುತ್ತಿರುವವರಲ್ಲಿ ಒಬ್ಬರು ಇದೇ ಊರಿನ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮೇಲೆ ದುಡಿದ ಹಿರಿಯರು, ಇನ್ನೊಬ್ಬ ಡಿಶ್ ಹಾಕುವ ಮೆಕ್ಯಾನಿಕ್.

ಹಿರಿಯರು: ಮಳೆ ಹೊಡೆಯುವಾಗ ಸಿಗ್ನಲ್ ಹೋದ್ರೆ ಒಪ್ಕೊಳ್ಳೋಣ ತಮ್ಮ. ಮಳೆ ನಿಂತು ಎಷ್ಟೊತ್ತಾಯ್ತು, ಟಿವಿಯಾಗೆ ಇನ್ನೂ ‘ಸಿಗ್ನಲ್ ಇಲ್ಲ’ ಅಂತಾನೇ ಐತೆ. ಫೋನ್ ಹಚ್ಚಿದ್ರೆ, ಹವಾಮಾನ ಸರಿ ಇಲ್ಲ, ಕಾಯ್ರಿ ಅಂತಾರೆ.

ಮೆಕ್ಯಾನಿಕ್: ನೀವು ಹೇಳಿದ ಮಾತಿನಾಗೇ ಉತ್ತರ ಐತೆ ಯಜಮಾನ್ರೆ. ಜೋರು ಮಳೆಯಾಗೆ ಹೋಗಿ, ಮಳೆ ಇಳಿದ ಕೂಡ್ಲೆ ತಾನಾಗೇ ಬಂದ್ರೆ ಅದು ಆಕಾಶದ ಲೆಕ್ಕ. ಅದಕ್ಕೆ ನಾವು ಕಾಯೋದೇ ಸೈ. ಮಳೆ ನಿಂತ್ರೂ ಬರಲ್ಲ, ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ ಬರ್ತೈತೆ ಅಂದ್ರೆ ಅದು ಈ ಮಾಳಿಗೆ ಲೆಕ್ಕ. ಎಲ್ಲೋ ನೀರು ಕುಂತೈತೆ.

ಹಿರಿಯರು: ಬಿಸಿಲು ಬಿದ್ದ ಮೇಲೆ ಬರ್ತಿತ್ತು, ಅದು ಖರೆ. ಚಳಿಗಾಲದಾಗೂ ಹಂಗೇ ಆಗ್ತಿತ್ತು ನೋಡು. ಇಬ್ಬನಿ ಬಿದ್ದ ದಿನ ಬೆಳಿಗ್ಗೆ ಚಿತ್ರ ಒಡೆದು ಒಡೆದು ಬರೋದು, ಹೊತ್ತು ಏರಿದ ಮೇಲೆ ಸರಿಯಾಗೋದು. ಟಿವಿಗೆ ವಯಸ್ಸಾಯ್ತು ಅಂದ್ಕೊಂಡಿದ್ದೆ.

ಮೆಕ್ಯಾನಿಕ್: ಆವಾಗ್ಲೇ ಕರೀಬೇಕಿತ್ತು ನನ್ನ. ಇಬ್ಬನಿ ಬಿದ್ದಾಗ ಆಕಾಶದಾಗೆ ಒಂದು ಹನಿ ನೀರೂ ಇರಲ್ಲ, ಚುಕ್ಕಿ ಕಾಣ್ತಾ ಇರ್ತಾವೆ. ಆದ್ರೂ ಸಿಗ್ನಲ್ ಒಡೀತೈತೆ ಅಂದ್ರೆ ತೇವ ಇರೋದು ಡಿಶ್‌ನಾಗೆ. ಮಳೆಗಾಲದಾಗೆ ತಪ್ಪು ಯಾರದು ಅಂತ ಗೊತ್ತಾಗಲ್ಲ, ಎಲ್ಲಾ ಮಳೆ ತಲೆಗೆ ಕಟ್ತೀವಿ. ಇಬ್ಬನಿ ಬೆಳಗಿನಾಗೆ ಅದು ಬಯಲಾಗ್ತೈತೆ.

ಹಿರಿಯರು: ಅಲ್ಲಪ್ಪ, ಹಂಗಾದ್ರೆ ನಮ್ಮೂರಿಗೆ ಈ ತ್ರಾಸು ಇರಬಾರದಲ್ಲ? ಆಗುಂಬೆ ಮಳೆಯೇನು ಇಲ್ಲಿ ಹೊಡೆಯಲ್ಲ. ಹೊಳೆ ತುಂಬೋದೂ ಮಲೆನಾಡಿನ ಮಳೆಯಿಂದ. ತುಂಗೆ, ಭದ್ರೆ ಎರಡೂ ಕೂಡ್ಲಿಯಾಗೆ ಕೂಡಿ ಬರ್ತಾವೆ, ನಾವು ಒಣ ಮಾಳಿಗೆ ಮೇಲೆ ನಿಂತು ಪ್ರವಾಹ ನೋಡ್ತೀವಿ.

ಮೆಕ್ಯಾನಿಕ್: ಮಳೆ ಎಷ್ಟು ಅನ್ನೋದಕ್ಕಿಂತ ಬಿಸಿಲು ಎಷ್ಟು ಅನ್ನೋದು ಕೇಳ್ಬೇಕು. ಈ ಕೆಲಸಕ್ಕೆ ಬಿದ್ದ ಮೇಲೆ ನನಗೆ ಅರ್ಥ ಆದ ದೊಡ್ಡ ಮಾತು ಇದೇ. ಡಿಶ್ ಹಾಳಾಗೋದು ಬೇಸಿಗೆಯಾಗೆ, ಗೊತ್ತಾಗೋದು ಮಳೆಗಾಲದಾಗೆ. ಏಪ್ರಿಲ್ ಬಿಸಿಲಿಗೆ, ಡಿಶ್ ಮುಂದಿನ ತೋಳಿನಾಗೆ ಕೂತು ಅಲೆ ಹಿಡಿಯೋ ಎಲ್‌ಎನ್‌ಬಿ ಮೂತಿ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಬಿಳುಚಿಕೊಂಡು ಪುಡಿ ಪುಡಿ ಆಗ್ತೈತೆ, ಕೂದಲೆಳೆಯಷ್ಟು ಬಿರುಕು ಬಿಡ್ತೈತೆ. ಕೇಬಲ್ ಸಿಪ್ಪೆನೂ ಅಷ್ಟೇ, ಬಾಗಿದ ಕಡೆ ಸೀಳ್ತೈತೆ. ಕೇಬಲ್ ಕೂಡೋ ಕನೆಕ್ಟರ್ ಮೇಲಿನ ರಬ್ಬರ್ ಬೂಟು ಗಟ್ಟಿಯಾಗಿ ಕಳಚಿ ಬೀಳ್ತೈತೆ. ಬಿಸಿಲು ಬಾಗಿಲು ತೆಗೀತೈತೆ, ಆಮೇಲೆ ನೀರು ಒಳಗೆ ಬರ್ತೈತೆ. ಅದಕ್ಕೆ ಜೋರು ಮಳೆ ಬೇಕಿಲ್ಲ. ಹಗಲೆಲ್ಲ ಕಾದ ಎಲ್‌ಎನ್‌ಬಿ ರಾತ್ರಿ ತಣ್ಣಗಾದಾಗ ಅದರೊಳಗಿನ ಗಾಳಿ ಕುಗ್ಗಿ, ಹೊರಗಿನ ತೇವದ ಗಾಳಿನ ಬಿರುಕಿನಿಂದ ಎಳ್ಕೊಳ್ತೈತೆ. ದಿನಾ ಹಿಂಗೆ ಉಸಿರಾಡ್ತಾ ಉಸಿರಾಡ್ತಾ ಒಳಗೆ ನೀರು ಕಟ್ತೈತೆ.

ಹಿರಿಯರು: ಬೇಸಿಗೆಯಾಗೇ ಹಾಳಾಗಿದ್ರೆ ಅವತ್ತೇ ಟಿವಿ ನಿಲ್ಬೇಕಿತ್ತಲ್ಲ. ಹಳೇ ದೂರದರ್ಶನದ ಕಾಲದಾಗೆ ಆಂಟೆನಾ ಸ್ವಲ್ಪ ಅಲುಗಾಡಿದ್ರೂ ತೆರೆ ತುಂಬ ಚುಕ್ಕಿ ಬೀಳೋವು. ಮಗನ್ನ ಮಾಳಿಗೆ ಹತ್ತಿಸಿ, ಇನ್ನೂ ತಿರುಗಿಸು ಅಂತ ಕೂಗೋದು.

ಮೆಕ್ಯಾನಿಕ್: ಅದು ಅನಲಾಗ್. ಎಷ್ಟು ಕೆಟ್ಟಿತೋ ಅಷ್ಟು ಕಾಣಿಸೋದು. ಈಗಿನದು ಡಿಜಿಟಲ್. ಬರೋ ಮಾಹಿತಿ ಜೊತೆ ತಪ್ಪು ತಿದ್ದೋ ಲೆಕ್ಕನೂ ಬರ್ತೈತೆ, ಸೆಟ್‌ಟಾಪ್ ಬಾಕ್ಸ್ ಅದನ್ನ ಹಿಡ್ಕೊಂಡು ಹಾಳಾದದ್ದನ್ನ ಸರಿ ಮಾಡ್ಕೊಳ್ತೈತೆ. ಒಂದು ಮಿತಿವರೆಗೆ ನಿಮಗೆ ಏನೂ ಗೊತ್ತಾಗಲ್ಲ, ಚಿತ್ರ ಸ್ಫಟಿಕದಂಗೆ ಬರ್ತೈತೆ. ಮಿತಿ ದಾಟಿದ ಕೂಡ್ಲೆ ಒಮ್ಮೆಲೇ ಕಪ್ಪು. ಡಿಶ್ ಹೊಸದಾಗಿ ಹಾಕ್ದಾಗ ಬೇಕಾದ್ದಕ್ಕಿಂತ ಹೆಚ್ಚಿನ ಸಿಗ್ನಲ್ ಉಳಿಕೆ ಇಟ್ಟಿರ್ತೀವಿ, ಮಳೆಗೆ ಅಂತಾನೇ. ಕನೆಕ್ಟರ್‌ನಾಗಿನ ತೇವ ಆ ಉಳಿಕೆನ ದಿನಾ ತಿಂತಾ ಬರ್ತೈತೆ. 3 ಡೆಸಿಬೆಲ್ ತಿಂದ್ರೆ ಅರ್ಧಕ್ಕರ್ಧ ಸಿಗ್ನಲ್ ಹೋದಂಗೆ, ಆದ್ರೂ ಟಿವಿ ನಡೀತಾ ಇರ್ತೈತೆ. ಆಮೇಲೆ ಒಂದು ದಿನ ತುಂತುರು ಬಂದ್ರೂ ಸಾಕು. ಹೋದ ವರ್ಷ ಇದೇ ತುಂತುರು ಏನೂ ಮಾಡಿರಲಿಲ್ಲ. ಜನ ‘ಈ ಸಲ ಮಳೆ ಜಾಸ್ತಿ’ ಅಂತಾರೆ.

ಹಿರಿಯರು: ನಮ್ಮ ಅಕ್ಕನ್ನ ರಾಯಚೂರು ಕಡೆ ಕೊಟ್ಟಿದ್ದು. 1975ರಾಗೆ ಅವರ ಸೀಮೆ ಹಳ್ಳಿಗಳಾಗೆ ಸರ್ಕಾರದವ್ರು ಟಿವಿ ಇಟ್ಟಿದ್ರು. ಹತ್ತಡಿ ಅಗಲದ ಡಿಶ್, ಕೋಳಿ ಗೂಡಿಗೆ ಹೊಡೆಯೋ ಜಾಲರಿಯಿಂದ ಮಾಡಿದ್ದು. ಮಳೆ ಬಂದ್ರೆ ಅದು ಬಂದ್ ಆಗ್ತಿತ್ತು ಅಂತ ನಾನು ಕೇಳಿಲ್ಲ.

ಮೆಕ್ಯಾನಿಕ್: ಅದು ಸೈಟ್ ಪ್ರಯೋಗ ಯಜಮಾನ್ರೆ. ಅಮೆರಿಕದ ಎಟಿಎಸ್-6 ಉಪಗ್ರಹನ ಇಸ್ರೋದವ್ರು ಒಂದು ವರ್ಷಕ್ಕೆ ಬಳಸ್ಕೊಂಡು 6 ರಾಜ್ಯದ ಸುಮಾರು 2,400 ಹಳ್ಳಿಗೆ ಟಿವಿ ತೋರಿಸಿದ್ರು. ನಮ್ಮಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ. ಅದರ ಅಲೆ 860 ಮೆಗಾಹರ್ಟ್ಸ್, ಅಂದ್ರೆ ಒಂದೊಂದು ಅಲೆ 35 ಸೆಂಟಿಮೀಟರ್ ಉದ್ದ. ಅಷ್ಟು ಉದ್ದದ ಅಲೆಗೆ ಮಳೆಹನಿ ಲೆಕ್ಕಕ್ಕೇ ಇಲ್ಲ, ಜಾಲರಿ ತೂತೂ ಲೆಕ್ಕಕ್ಕಿಲ್ಲ. ಈಗ ಮನೆ ಡಿಶ್‌ಗೆ ಬರೋದು ಕೆಯು ಬ್ಯಾಂಡ್, 11, 12 ಗಿಗಾಹರ್ಟ್ಸ್. ಅಲೆ ಎರಡೂವರೆ ಸೆಂಟಿಮೀಟರ್. ಅಲೆ ಸಣ್ಣದಾದ್ದಕ್ಕೇ ಇಷ್ಟು ಚಿಕ್ಕ ಡಿಶ್ ಸಾಕಾಯ್ತು, ಅಲೆ ಸಣ್ಣದಾದ್ದಕ್ಕೇ ನೀರು ಅದನ್ನ ಹೀರೋದೂ ಹೆಚ್ಚಾಯ್ತು. ಎಲ್‌ಎನ್‌ಬಿ ಮುಚ್ಚಳದ ಮೇಲೆ ತೆಳ್ಳಗೆ ಒಂದು ಪದರ ನೀರು ನಿಂತ್ರೂ ಅಲೆಗೆ ಅಡ್ಡಿ. ಕೇಬಲ್ ಟಿವಿಯವ್ರ ದೊಡ್ಡ ಡಿಶ್ ನೋಡಿ, ಅವರದು ಸಿ ಬ್ಯಾಂಡ್, 4 ಗಿಗಾಹರ್ಟ್ಸ್ ಆಸುಪಾಸು. ನಿಮ್ಮದು ಕಪ್ಪಾದಾಗ ಪಕ್ಕದ ಮನೆ ಕೇಬಲ್ ನಡೀತಿರೋದು ಅದಕ್ಕೇ.

ಹಿರಿಯರು: ಸರಿ, ಬಿಚ್ಚು ಮತ್ತೆ. ನೋಡೇ ಬಿಡೋಣ.

ಮೆಕ್ಯಾನಿಕ್: ಮೊದ್ಲು ಕೆಳಗೆ ಬಾಕ್ಸಿನ ಸ್ವಿಚ್ ಗೋಡೆ ಹತ್ರಾನೇ ಆರಿಸಿ ಬರ್ರಿ. ಇದೇ ಕೇಬಲ್‌ನಾಗೆ ಮೇಲಕ್ಕೆ ಕರೆಂಟ್ ಬರ್ತೈತೆ, 13 ಇಲ್ಲಾ 18 ವೋಲ್ಟ್. ಬಿಚ್ಚುವಾಗ ನಡುವಿನ ತಂತಿ ಕನೆಕ್ಟರ್ ಚಿಪ್ಪಿಗೆ ತಾಗಿದ್ರೆ ಬಾಕ್ಸ್ ಸುಡಬಹುದು. … ಆಯ್ತಾ? ಈಗ ನೋಡ್ರಿ. ಕನೆಕ್ಟರ್ ತಿರುಗ್ತಾನೇ ಇಲ್ಲ, ಪಾನಾ ಹಾಕ್ಬೇಕು. ಬಂತು. ನಡುವಿನ ತಂತಿ ನೋಡ್ರಿ, ಹಸಿರು.

ಹಿರಿಯರು: ಕಿಲುಬು ಹಿಡಿದೈತಲ್ಲೋ! ತುದಿಯಂತೂ ಸೂಜಿಯಷ್ಟು ಸಣ್ಣಗಾಗೈತೆ. ಕೊಡಿಲ್ಲಿ. ನನ್ನ ಹತ್ರ ಒಂದು ಅಯಸ್ಕಾಂತ ಐತೆ… ಅಂಟ್ತು ನೋಡು. ಇದು ತಾಮ್ರ ಅಲ್ಲ, ಉಕ್ಕಿನ ಮೇಲೆ ತಾಮ್ರ ಬಳಿದದ್ದು.

ಮೆಕ್ಯಾನಿಕ್: ಹೌದ್ರಿ, ಬಹಳಷ್ಟು ಕೇಬಲ್ ಹಂಗೇ ಬರ್ತಾವೆ. ಅದೇನು ಮೋಸ ಅಲ್ಲ. ಎಲ್‌ಎನ್‌ಬಿ ಅಲೆಯ ಗಿಗಾಹರ್ಟ್ಸ್ ಇಳಿಸಿ ಕೇಬಲ್‌ಗೆ ಬಿಡ್ತೈತೆ. 1,000 ಮೆಗಾಹರ್ಟ್ಸ್‌ನಾಗೆ ಸಿಗ್ನಲ್ ತಂತಿಯ ಒಳಗೆ ಹರಿಯೋದೇ ಇಲ್ಲ, ಮೈಮೇಲಿನ ಒಂದೆರಡು ಮೈಕ್ರಾನ್ ದಪ್ಪದಾಗೇ ಹರಿಯೋದು. ಒಳಗೆ ಉಕ್ಕಿದ್ರೂ ನಡೀತೈತೆ.

ಹಿರಿಯರು: ಮೈಕ್ರಾನ್ ಅಂದ್ರೆ ನನಗೆ ಗೊತ್ತು. ಮಿಲಿಮೀಟರಿನ ಸಾವಿರದ ಒಂದು ಪಾಲು. ಹಂಗಾದ್ರೆ ಕಿಲುಬು ಕಟ್ಟಿದ್ದು ಸಿಗ್ನಲ್ ನಡೆಯೋ ಹಾದಿಯ ಮೇಲೇನೇ!

ಮೆಕ್ಯಾನಿಕ್: ಅಲ್ಲೇ ನೋಡ್ರಿ. ಇನ್ನೊಂದು ಏನಂದ್ರೆ, ಬರೀ ನೀರು ಬಿದ್ರೆ ಇಷ್ಟು ಬೇಗ ಕಿಲುಬು ಹಿಡಿಯಲ್ಲ. ಜೊತೆಗೆ 18 ವೋಲ್ಟ್ ಐತಲ್ಲ.

ಹಿರಿಯರು: ಪ್ಲೇಟಿಂಗ್ ಶಾಪ್‌ನಾಗೆ ಆಗೋದೇ ಇಲ್ಲೂ ಆಗೈತೆ. ನೀರು, ಎರಡು ಲೋಹ, ಡಿಸಿ ಕರೆಂಟ್. ಪ್ಲಸ್ ಕಡೆ ಇರೋ ಲೋಹ ಕರಗಿ ಹೋಗ್ತೈತೆ. ನಡುವಿನ ತಂತಿ ಪ್ಲಸ್ ತಾನೇ?

ಮೆಕ್ಯಾನಿಕ್: ಹೌದು. ಅದಕ್ಕೇ ಹೊರಗಿನ ಚಿಪ್ಪು ಹೊಳೀತಿರ್ತೈತೆ, ಒಳಗಿನ ತಂತಿ ತಿಂದುಹೋಗಿರ್ತೈತೆ. ಮೇಲೆ ನಿಂತು ನೋಡಿದವ್ರಿಗೆ ಕನೆಕ್ಟರ್ ಹೊಸದರಂಗೆ ಕಾಣ್ತೈತೆ. ಇದರಿಂದ ಇನ್ನೊಂದು ತೊಂದ್ರೆ ಐತೆ. ನಿಮ್ಮಲ್ಲಿ ಅರ್ಧ ಚಾನೆಲ್ ಬಂದು ಅರ್ಧ ಬರದೇ ಇದ್ದದ್ದು ಉಂಟಾ?

ಹಿರಿಯರು: ಉಂಟು. ಪ್ಯಾಕೇಜ್ ಮುಗಿದಿರಬೇಕು ಅಂತ ಸೊಸೆ ಮತ್ತೆ ದುಡ್ಡು ಕಟ್ಟಿದ್ಲು.

ಮೆಕ್ಯಾನಿಕ್: ಅಯ್ಯೋ. ಅಲೆಗಳು ಎರಡು ಥರ ಬರ್ತಾವೆ, ಅಡ್ಡ ಮತ್ತು ಉದ್ದ. 13 ವೋಲ್ಟ್ ಕೊಟ್ರೆ ಎಲ್‌ಎನ್‌ಬಿ ಒಂದು ಥರದ್ದು ಹಿಡೀತೈತೆ, 18 ಕೊಟ್ರೆ ಇನ್ನೊಂದು. ಕಿಲುಬು ಹಿಡಿದ ಕೂಡಿಕೆಯಾಗೆ ವೋಲ್ಟೇಜ್ ಸೋರಿ, ಬಾಕ್ಸ್ 18 ಕಳಿಸಿದ್ರೂ ಮೇಲೆ ಮುಟ್ಟೋದು 14 ಆದ್ರೆ, ಎಲ್‌ಎನ್‌ಬಿ ಅದನ್ನ 13 ಅಂತಾನೇ ತಿಳ್ಕೊಳ್ತೈತೆ. ಒಂದು ಗುಂಪು ಚಾನೆಲ್ ಪೂರ್ತಿ ಮಾಯ. ಅರ್ಧ ಬಂದು ಅರ್ಧ ಹೋದ್ರೆ ದುಡ್ಡು ಕಟ್ಟೋಕೆ ಮುಂಚೆ ಮಾಳಿಗೆ ಹತ್ತಿ ಕನೆಕ್ಟರ್ ನೋಡ್ಬೇಕು.

ಹಿರಿಯರು: ಇಷ್ಟು ಬಿಗಿಯಾಗಿದ್ದ ಥ್ರೆಡ್ ದಾಟಿ ನೀರು ಹೆಂಗೆ ಹೋಯ್ತು? ಇದು ಸಣ್ಣ ಥ್ರೆಡ್. ಇಂಚಿಗೆ ಒಂದು 32 ಇರಬಹುದಾ?

ಮೆಕ್ಯಾನಿಕ್: ಸರಿಯಾಗಿ 32. ಎಂಟರ ಮೂರಂಗುಲ ಅಳತೆ.

ಹಿರಿಯರು: ಥ್ರೆಡ್ ಬಿಗಿ ಕೊಡ್ತೈತೆ, ನೀರು ತಡೆಯಲ್ಲ. ಅದು ಸುತ್ತಿ ಸುತ್ತಿ ಒಳಗೆ ಹೋಗೋ ಹಾದಿನೇ. ನಲ್ಲಿಯವ್ರು ಸುತ್ತೋ ಬಿಳಿ ಟೆಫ್ಲಾನ್ ಟೇಪ್ ಸುತ್ತಿಬಿಡೋಣ.

ಮೆಕ್ಯಾನಿಕ್: ಬೇಡ. ಈ ಚಿಪ್ಪು ಎಲ್‌ಎನ್‌ಬಿ ಮೈಗೆ ಲೋಹಕ್ಕೆ ಲೋಹ ತಾಗಬೇಕು, ಕರೆಂಟ್ ವಾಪಸ್ ಹೋಗೋದು ಅದರಿಂದಾನೇ. ಥ್ರೆಡ್ ಮೇಲೆ ಟೆಫ್ಲಾನ್ ಕೂತ್ರೆ ಆ ಹಾದಿ ಹರಿದಂಗೆ. ನೀರನ್ನ ಥ್ರೆಡ್ ಒಳಗೆ ತಡೆಯೋದಲ್ಲ, ಹೊರಗೆ ತಡೀಬೇಕು. ಇನ್ನು ಈ ಕನೆಕ್ಟರ್ ನೋಡ್ರಿ, ಕೇಬಲ್ ಮೇಲೆ ತಿರುಪಿ ಕೂರಿಸಿದ್ದು. ಹಿಂದಿನಿಂದ ಸಿಪ್ಪೆಗೂ ಇದಕ್ಕೂ ನಡುವೆ ಸಂದು. ನೀರು ಹೆಚ್ಚಾಗಿ ಬಂದದ್ದು ಆ ಹಿಂದಿನ ಬಾಗಿಲಿಂದ. ಅಲ್ಲಿಂದ ಒಳಗಿನ ತಂತಿ ಜಾಲರಿ, ದೀಪದ ಬತ್ತಿ ಎಣ್ಣೆ ಎಳೆದಂಗೆ, ನೀರನ್ನ ಎಳ್ಕೊಂಡು ಹೋಗ್ತೈತೆ. ಬರ್ರಿ ಕೆಳಗೆ, ಟಿವಿ ಹಿಂದಿನ ತುದಿ ಬಿಚ್ಚೋಣ.

ಹಿರಿಯರು: …ಅರೆ, ಇಲ್ಲೂ ಬೆರಳಿಗೆ ಒದ್ದೆ ಹತ್ತುತ್ತಲ್ಲೋ! ಮಾಳಿಗೆ ಮೇಲಿನ ನೀರು ಮನೆಯೊಳಗೆ ಬಾಕ್ಸಿಗೇ ಇಳಿದು ಬಂದೈತೆ.

ಮೆಕ್ಯಾನಿಕ್: ಇನ್ನೊಂದು ಮಳೆಗಾಲ ಕಳೆದಿದ್ರೆ ಬಾಕ್ಸೂ ಹೋಗ್ತಿತ್ತು. ಈ ಕೇಬಲ್ ಮುಗೀತು. ಒಣಗಿಸಿದ್ರೆ ಒಣಗಲ್ಲ. ಸಣ್ಣಗೆ ನೆಂದಿದ್ರೆ ಒಂದೊಂದೇ ಅಡಿ ಕತ್ತರಿಸ್ತಾ, ಜಾಲರಿ ಹೊಳೆಯೋ ಕಡೆಗೆ ನಿಲ್ಲಿಸ್ತೀನಿ. ಇದು ತುದಿವರೆಗೂ ಕಪ್ಪು. ನಡುವಿನ ಬಿಳಿ ನೊರೆ ಪ್ಲಾಸ್ಟಿಕ್ ಒಳಗೂ ತೇವ ಹೊಕ್ಕಿದ್ರೆ ಕೇಬಲ್ಲಿನ ಗುಣಾನೇ ಬದಲಾಗಿಬಿಡ್ತೈತೆ. ಒಳ್ಳೆ ಆರ್‌ಜಿ-6 ಕೇಬಲ್ಲೇ 1,000 ಮೆಗಾಹರ್ಟ್ಸ್‌ನಾಗೆ 100 ಮೀಟರಿಗೆ ಸುಮಾರು 20 ಡೆಸಿಬೆಲ್ ತಿಂತೈತೆ, ನೆಂದದ್ದು ಅದರ ಮೇಲೆ ಇನ್ನೂ ತಿಂತೈತೆ. ಹೊಸದು ಎಳೆಯೋಣ.

ಹಿರಿಯರು: ಎಳಿ. ಈ ಸಲ ಹೆಂಗೆ ಕಟ್ತೀಯ, ನನಗೂ ಹೇಳಿ ಕೊಡು.

ಮೆಕ್ಯಾನಿಕ್: ಮೊದ್ಲು ಕನೆಕ್ಟರ್. ಕಂಪ್ರೆಷನ್ ಕನೆಕ್ಟರ್ ಹಾಕ್ತೀನಿ, ಈ ಇಕ್ಕಳದಾಗೆ ಒತ್ತಿದ್ರೆ ಹಿಂದಿನ ಭಾಗ ಸಿಪ್ಪೆ ಮೇಲೆ ಸುತ್ತಲೂ ಕಚ್ಚಿ ಕೂರ್ತೈತೆ. ತಿರುಪೋ ಥರದ್ದು ಮನೆಯೊಳಗೆ ನಡೀತೈತೆ, ಮಾಳಿಗೆಗೆ ಅಲ್ಲ. ಆಮೇಲೆ ಸುತ್ತು. ಕಪ್ಪು ಇನ್ಸುಲೇಷನ್ ಟೇಪ್ ಎಲ್ಲಾರೂ ಸುತ್ತಿರ್ತಾರೆ, ಒಂದೇ ಬೇಸಿಗೆಗೆ ಅದರ ಅಂಟು ಇಳಿದು ಬಿಚ್ಕೊಳ್ತೈತೆ. ಬಿಚ್ಕೊಂಡ ಟೇಪು ನೀರನ್ನ ಹಿಡಿದಿಟ್ಕೊಳ್ತೈತೆ, ಅದು ಇನ್ನೂ ಕೆಟ್ಟದ್ದು. ಇದು ಬೇರೆ, ಅಂಟೇ ಇಲ್ಲದ ರಬ್ಬರ್ ಟೇಪ್. ಎರಡರಷ್ಟು ಉದ್ದ ಆಗೋವರೆಗೆ ಎಳೆದು, ಒಂದರ ಮೇಲೊಂದು ಅರ್ಧ ಬರೋ ಹಂಗೆ ಸುತ್ತಿದ್ರೆ ತನಗೆ ತಾನೇ ಬೆಸೆದು ಒಂದೇ ಗಡ್ಡೆ ಆಗ್ತೈತೆ. ಕೇಬಲ್ ಕಡೆಯಿಂದ ಶುರು ಮಾಡಿ ಎಲ್‌ಎನ್‌ಬಿ ಕಡೆ, ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಹಂಗೆ ಸುತ್ತಿದ್ರೆ ಮೇಲಿನ ಸುತ್ತು ಕೆಳಗಿನದರ ಮೇಲೆ ಹೆಂಚಿನ ಥರ ಕೂತು ನೀರು ಜಾರ್ತೈತೆ. ಇದರ ಮೇಲೆ ಬಿಸಿಲಿಗೆ ಮರೆಯಾಗಿ ಮಾಮೂಲಿ ಟೇಪ್ ಒಂದು ಸುತ್ತು.

ಹಿರಿಯರು: ಸಿಲಿಕಾನ್ ಮೆತ್ತಿದ್ರೆ? ಬಾತ್‌ರೂಮಿಗೆ ತಂದದ್ದು ಉಳಿದೈತೆ.

ಮೆಕ್ಯಾನಿಕ್: ಅದನ್ನ ಮೂಸಿ ನೋಡ್ರಿ. ವಿನೆಗರ್ ಥರ ಹುಳಿ ವಾಸನೆ ಬಂದ್ರೆ ಇಲ್ಲಿಗೆ ಬೇಡ. ಅದು ಒಣಗುವಾಗ ಬಿಡೋ ಆಮ್ಲ ತಾಮ್ರನ ತಿಂತೈತೆ. ವಾಸನೆ ಇಲ್ಲದ ನ್ಯೂಟ್ರಲ್ ಸಿಲಿಕಾನ್ ಸಿಗ್ತೈತೆ, ಗೋಡೆ ತೂತಿಗೆ ಅದೇ ಹಾಕ್ತೀನಿ. ತೂತನ್ನೂ ಹೊರಗಡೆ ಇಳಿಜಾರು ಬರೋ ಹಂಗೆ ಕೊರೆದು, ಕೇಬಲ್ಲನ್ನ ಒಳಗೆ ತೂರಿಸೋ ಮುಂಚೆ ಒಂದು ಗೇಣು ಕೆಳಗೆ ಇಳಿಬಿಟ್ಟು ಮೇಲಕ್ಕೆ ತಿರುಗಿಸ್ತೀನಿ. ಸಿಪ್ಪೆ ಮೇಲೆ ಹರಿಯೋ ನೀರು ಆ ಬಾಗಿನಾಗೆ ತೊಟ್ಟಿಕ್ಕಿ ಬೀಳ್ತೈತೆ. ಎಲ್‌ಎನ್‌ಬಿ ಹತ್ರಾನೂ ಇಂಥದ್ದೇ ಬಾಗು ಬೇಕು. ನಮ್ಮ ಕಡೆ ಅದು ಹೆಚ್ಚು ಮುಖ್ಯ.

ಹಿರಿಯರು: ನಮ್ಮ ಕಡೆ ಏನು ವಿಶೇಷ?

ಮೆಕ್ಯಾನಿಕ್: ದೂರದರ್ಶನದ ಫ್ರೀ ಡಿಶ್ ಉದಾಹರಣೆಗೆ ತಗೊಳ್ರಿ. ಅದು ಬರೋದು ಜಿಸ್ಯಾಟ್-15ರಿಂದ, ಪೂರ್ವ ರೇಖಾಂಶ 93.5 ಡಿಗ್ರಿಯಾಗೆ, ಭೂಮಧ್ಯರೇಖೆ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರ. ಹರಿಹರದಿಂದ ನೋಡಿದ್ರೆ ಆಗ್ನೇಯ ದಿಕ್ಕಿಗೆ, 63 ಡಿಗ್ರಿ ಎತ್ತರಕ್ಕೆ. ಇಷ್ಟು ಎತ್ತರ ಇರೋದು ಒಳ್ಳೇದೇ, ಅಲೆ ಮಳೆ ಮೋಡದಾಗೆ ಹಾಯೋ ದೂರ ಕಡಿಮೆ. ಆದ್ರೆ ಡಿಶ್ ಹೆಚ್ಚು ಹಿಂದಕ್ಕೆ ಮಲಗ್ತೈತೆ. ಎಲ್‌ಎನ್‌ಬಿ ಮೂತಿ ಅದರ ಕಡೆ ಸ್ವಲ್ಪ ಬಗ್ಗಿ ಕೆಳಗೆ ನೋಡ್ತೈತೆ, ಬಾಲ ಮೇಲಕ್ಕೆ ಏಳ್ತೈತೆ. ಕನೆಕ್ಟರ್ ಆ ಬಾಲದಾಗಿದ್ರೆ ಬಿದ್ದ ಹನಿ ಎಲ್ಲಾ ಅಲ್ಲಿಗೇ. ಕೇಬಲ್ ತೋಳಿನ ಕೆಳಗೆ ಬಾಗಿ ಬರಲಿಲ್ಲ ಅಂದ್ರೆ ನೀರನ್ನ ಕೈ ಹಿಡಿದು ಒಳಗೆ ಕರೆದಂಗೆ.

ಹಿರಿಯರು: ನಮ್ಮ ರಾಜ್ಯದ ಹಾಸನದಾಗೇ ಕೂತು ಆ ಉಪಗ್ರಹಗಳನ್ನ ಕಾಯ್ತಾರಂತಲ್ಲ.

ಮೆಕ್ಯಾನಿಕ್: 1982ರಿಂದ ಐತೆ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ಹಗಲು ರಾತ್ರಿ ಅವರು ಉಪಗ್ರಹ ಅತ್ತಿತ್ತ ಸರಿಯದಂಗೆ ನೋಡ್ಕೊಳ್ತಾರೆ. ಅಷ್ಟು ದೂರದಿಂದ ಸರಿಯಾಗೇ ಬಂದದ್ದನ್ನ ನಾವು ಕೊನೇ ಅಂಗುಲದಾಗೆ ಕಳ್ಕೊಳ್ತೀವಿ. ನನಗೆ ಇದು ಹೊಟ್ಟೆ ಉರಿಸ್ತೈತೆ ಯಜಮಾನ್ರೆ. ಕೊರೊನಾ ಕಾಲದಾಗೆ ಶಾಲೆ ಮುಚ್ಚಿ ಚಂದನದಾಗೆ ಪಾಠ ಬರ್ತಿದ್ವಲ್ಲ, ಆವಾಗ ಹಳ್ಳಿಯಿಂದ ಫೋನ್ ಬರೋವು. ಫೋನ್‌ನಾಗೆ ಪಾಠ ನೋಡೋ ಅನುಕೂಲ ಇಲ್ಲದ ಮನೆಗಳು. ಹೋಗಿ ನೋಡಿದ್ರೆ ಡಿಶ್ ದಿಕ್ಕು ಸರಿ, ಬಾಕ್ಸ್ ಸರಿ, ಒಂದು ಕನೆಕ್ಟರ್ ಕಿಲುಬು. ಹತ್ತನೇ ಕ್ಲಾಸಿನ ಮಗು ಅಷ್ಟು ದಿನದ ಪಾಠ ಕಳ್ಕೊಂಡಿರೋದು. ಎಲ್ಲಾರೂ, ಮಳೆ ನಿಲ್ಲಲಿ ಅಂತ ಕಾದಿರೋರು.

ಹಿರಿಯರು: ಹಾಕೋವಾಗ್ಲೇ ಸರಿಯಾಗಿ ಕಟ್ಟಿದ್ರೆ ಈ ಗೋಳು ಯಾಕೆ? ಎಷ್ಟಾಗ್ತೈತೆ ಆ ಟೇಪಿಗೆ?

ಮೆಕ್ಯಾನಿಕ್: ದುಡ್ಡಿನ ಮಾತಲ್ಲ, ಹೊತ್ತಿನ ಮಾತು. ನಮ್ಮ ಹುಡುಗರಿಗೆ ಸಿಗೋದು ಡಿಶ್ ಎಣಿಕೆ ಮೇಲೆ ಕೂಲಿ. ಚಿತ್ರ ಬಂತಾ, ಗಿರಾಕಿ ಸಹಿ ಹಾಕಿದ್ರಾ, ಮುಂದಿನ ಮನೆ. ನೀರು ಬರೋದು ಎರಡು ವರ್ಷ ಬಿಟ್ಟು, ಅದಕ್ಕೆ ಯಾರೂ ಲೆಕ್ಕ ಕೇಳಲ್ಲ. ಗಿರಾಕಿಗಳೇ ನಿಂತು, ಕನೆಕ್ಟರ್ ಸುತ್ತಿದೆಯಾ ಅಂತ ಕೇಳ್ಬೇಕು.

ಹಿರಿಯರು: ಆ ಮೂಲೆಮನೆಯವ್ರು ಎಲ್‌ಎನ್‌ಬಿಗೆ ಪ್ಲಾಸ್ಟಿಕ್ ಬಾಟ್ಲಿ ಕೊಯ್ದು ಟೋಪಿ ಹಾಕಿದ್ದಾರೆ. ನಾನೂ ಹಾಕೋಣ ಅಂತಿದ್ದೆ.

ಮೆಕ್ಯಾನಿಕ್: ಬೇಡ್ರಿ. ಒಣ ಪ್ಲಾಸ್ಟಿಕ್ ಅಲೆ ತಡೆಯಲ್ಲ, ಆದ್ರೆ ಅದರ ಮೇಲೆ ನಿಲ್ಲೋ ನೀರು ತಡೀತೈತೆ. ಒಳಗೆ ಬೆವರಿ ತೇವ ಹೊರಗೆ ಹೋಗೋಕೂ ಬಿಡಲ್ಲ. ಮೂತಿ ಮುಚ್ಚಳ ಬಿರುಕು ಬಿಟ್ಟಿದ್ರೆ ಎಲ್‌ಎನ್‌ಬಿ ಬದಲಾಯಿಸೋದೇ ಲೇಸು. ಒಳಗೆ ನೀರು ಹೊಕ್ಕ ಎಲ್‌ಎನ್‌ಬಿ ಬಿಸಿಲಿಗೆ ಇಟ್ರೆ ನಾಲ್ಕು ದಿನ ನಡೆದು ಮತ್ತೆ ನಿಲ್ತೈತೆ. ಡಿಶ್‌ಗೆ ತುಕ್ಕು ಹಿಡಿದ್ರೆ ಬಣ್ಣ ಹೊಡೀರಿ, ಆದ್ರೆ ಹೊಳೆಯೋ ಪೇಂಟ್ ಬೇಡ, ಬಿಸಿಲನ್ನೂ ಕೂಡಿಸಿ ಎಲ್‌ಎನ್‌ಬಿ ಮೇಲೆ ಬಿಡ್ತೈತೆ.

ಹಿರಿಯರು: ದುಗ್ಗಮ್ಮನ ಜಾತ್ರೆಗೆ ದಾವಣಗೆರೆಗೆ ನಾಟಕ ಕಂಪನಿಗಳು ಬರ್ತಾವಲ್ಲ, ಅವರ ಬಿಡಾರದ ಮುಂದೆ ಡಿಶ್ ನೋಡಿದೀನಿ. ಲಾರಿಗೆ ಹೇರ್ಕೊಂಡು ಊರೂರು ತಿರುಗೋ ಡಿಶ್‌ಗೆ ಇದೆಲ್ಲ ಹೆಂಗೆ ಹೊಂದ್ತೈತೆ? ಪ್ರತಿ ಸಲ ರಬ್ಬರ್ ಟೇಪ್ ಕೊಯ್ಯೋಕಾಗ್ತೈತಾ?

ಮೆಕ್ಯಾನಿಕ್: ತಿರುಗೋ ಡಿಶ್‌ದು ಬೇರೆ ಕಥೆ. ಅಂಥವ್ರಿಗೆ ನಾನು ಎಲ್‌ಎನ್‌ಬಿ ಹತ್ರದ ಕೂಡಿಕೆ ಬಿಚ್ಚಲೇಬೇಡ್ರಿ ಅಂತೀನಿ. ಅದನ್ನ ಖಾಯಂ ಸುತ್ತಿ, ಕೇಬಲ್ ಸಮೇತಾನೇ ಎಲ್‌ಎನ್‌ಬಿ ಎತ್ತಿಡ್ಬೇಕು. ಬಿಚ್ಚೋದು ಬಾಕ್ಸ್ ಕಡೆ, ಒಳಗೆ, ಒಣ ಜಾಗದಾಗೆ. ಬಿಚ್ಚಿದ ಕೂಡ್ಲೆ ತುದಿಗೆ ರಬ್ಬರ್ ಟೋಪಿ. ಟೋಪಿ ಇಲ್ಲದ ತುದಿ ನೆಲದ ಮೇಲೆ ಒಂದು ರಾತ್ರಿ ಬಿದ್ರೆ ಸಾಕು, ಹುಲ್ಲಿನ ಇಬ್ಬನಿ ಎಲ್ಲಾ ಜಾಲರಿಗೆ. ಇವರು ಕೇಬಲ್ ಸಾಲದು ಅಂತ ನಡುವೆ ಜೋಡಿಸಿರ್ತಾರೆ, ಆ ಜೋಡಣೆ ಸರಿಯಾಗಿ ಕೆಸರಾಗೆ ಬಿದ್ದಿರ್ತೈತೆ. ಒಂದೇ ಉದ್ದ ಕೇಬಲ್ ತಗೊಳ್ರಿ ಅಂತೀನಿ, ಇಲ್ಲಾ ಜೋಡಣೆನ ಗೂಟಕ್ಕೆ ಕಟ್ಟಿ ನೆಲದಿಂದ ಎತ್ತಿಡ್ರಿ ಅಂತೀನಿ. ಸುತ್ತುವಾಗ ದೊಡ್ಡ ಸುತ್ತು ಸುತ್ತಬೇಕು, ಬಿಗಿಯಾಗಿ ಮಡಚಿದ್ರೆ ಸಿಪ್ಪೆ ಸೀಳ್ತೈತೆ. ಒದ್ದೆ ಕೇಬಲ್ ಹಂಗೇ ಚೀಲಕ್ಕೆ ತುರುಕಬಾರದು, ಒರೆಸಿ ಗಾಳಿಗಿಟ್ಟು ಆಮೇಲೆ. ಬಿಚ್ಚಿ ಹಾಕೋ ತುದಿಗೆ ಸಿಲಿಕಾನ್ ಗ್ರೀಸ್ ಒಂಚೂರು ಸವರಿದ್ರೆ ತೇವ ಅಂಟಲ್ಲ. ಡೀಸೆಲ್ ಗಾಡಿಯವ್ರ ಗ್ರೀಸ್ ಅಲ್ಲ, ಮತ್ತೆ.

ಹಿರಿಯರು: ಗ್ರೀಸ್‌ನಾಗಿನ ವ್ಯತ್ಯಾಸ ನನಗೆ ಹೇಳ್ಬೇಡ. ಸರಿ, ಇನ್ನು ಮನೆಯವ್ರು ನಾವು ವರ್ಷಕ್ಕೊಮ್ಮೆ ಏನು ನೋಡ್ಬೇಕು?

ಮೆಕ್ಯಾನಿಕ್: ಮೇ ತಿಂಗಳಾಗೆ, ರೋಹಿಣಿ ಮಳೆ ಹುಟ್ಟೋಕೆ ಮುಂಚೆ ಮಾಳಿಗೆ ಹತ್ರಿ. ಮೂತಿ ಮುಚ್ಚಳ, ಸುತ್ತಿದ ರಬ್ಬರ್, ಕೇಬಲ್ ಬಾಗು, ಅಷ್ಟು ನೋಡಿದ್ರೆ ಸಾಕು. ಅದಕ್ಕಿಂತ ಮೊದ್ಲು ಇವತ್ತೇ ಒಂದು ಕೆಲಸ ಮಾಡ್ರಿ. ಬಾಕ್ಸಿನ ಮೆನುನಾಗೆ ಸಿಗ್ನಲ್ ಪುಟ ಐತೆ, ಅಲ್ಲಿ ಎರಡು ಪಟ್ಟಿ ಕಾಣ್ತಾವೆ. ಸ್ಟ್ರೆಂತ್ ನೋಡಿ ಮೋಸ ಹೋಗ್ಬೇಡ್ರಿ, ಗದ್ದಲ ಇದ್ರೂ ಅದು ತುಂಬಿ ಕಾಣ್ತೈತೆ. ಕ್ವಾಲಿಟಿ ನೋಡ್ರಿ. ಹೊಸ ಕೇಬಲ್ ಹಾಕಿ, ಮೋಡ ಹರಿದ ಮೇಲೆ ಬರೋ ಅಂಕೆನ ಬಾಕ್ಸಿನ ತಳದಾಗೆ ಪೆನ್ನಿನಾಗೆ ಬರೆದಿಡ್ರಿ, ತಾರೀಖು ಸಮೇತ. ಆರು ತಿಂಗಳಿಗೊಮ್ಮೆ ನಿಚ್ಚಳ ಆಕಾಶ ಇದ್ದಾಗ ಹೋಲಿಸಿ ನೋಡ್ರಿ. ಇಳಿದಿದ್ರೆ ಚಿತ್ರ ಚೆನ್ನಾಗಿದ್ರೂ ನನ್ನ ಕರೀರಿ, ಕಪ್ಪಾಗೋವರೆಗೆ ಕಾಯ್ಬೇಡ್ರಿ.

ಹಿರಿಯರು: ಕಾರ್ಖಾನೆಯಾಗೆ ಮಷೀನ್ ಪಕ್ಕ ಕಾರ್ಡ್ ತೂಗು ಹಾಕಿ ಅಳತೆ ಬರೀತಿದ್ವಿ. ಆ ರೂಢಿ ನನಗೈತೆ, ಬರೆದಿಡ್ತೀನಿ. ಪಾನಾ ಇಲ್ಲಿ ಕೊಡು, ಈ ಕನೆಕ್ಟರ್ ನಾನೇ ಬಿಗಿ ಮಾಡ್ತೀನಿ. 11 ನಂಬರ್ ತಾನೇ?

ಮೆಕ್ಯಾನಿಕ್: 11. ಕೈಬಿಗಿ ಬಂದ ಮೇಲೆ ಕಾಲು ಸುತ್ತು, ಹೆಚ್ಚು ಬೇಡ. ರಬ್ಬರ್ ನಾನು ಎಳೆದು ಹಿಡೀತೀನಿ, ನೀವು ಸುತ್ರಿ.